ಅತ್ತೆ ಉರುಳಿಸಿದ ಕಾರಿನ ಚಕ್ರ

ಕಾರಿನ ಚಕ್ರ ನನ್ನ ಕೈತಪ್ಪಿ ಇಳಿಜಾರಿನಲ್ಲಿ ಓಡಿತು. ನಮ್ಮ ಗೇಟಿನಲ್ಲಿ ನಿಂತಿದ್ದ ಅತ್ತೆಯ ಮುಂದೆಯೇ ಹಾದು, ಎದುರುಮನೆಯ ಮರಳು ಗುಡ್ಡೆಗೆ ತಾಗಿ ದೊಪ್ಪನೆ ಬಿತ್ತು.

ಎಪ್ಪತ್ತರ ದಶಕವದು. ಮದ್ದೂರಿಗೆ ಸೊಸೆಯಾಗಿ ಬಂದಿದ್ದ ನಾನು ಕಾರು ಕಲಿಯುವಾಗ ಮೋರಿಯ ಕಟ್ಟೆಗೆ ಗುದ್ದಿದ್ದರಿಂದ ಒಂದು ಚಕ್ರ ಸೊಟ್ಟಗಾಗಿ ಟೈರೂ ಹರಿದಿತ್ತು. ಅಂದಿನಿಂದ ಅತ್ತೆ ಮಾತು ಬಿಟ್ಟಿದ್ದರು. ತಪ್ಪು ನನ್ನದೇ ಎಂದು ಒಬ್ಬಳೇ ಮಂಡ್ಯಕ್ಕೆ ಹೋಗಿ, ಹಳೇ ಸಾಮಾನಿನ ಅಂಗಡಿಯಲ್ಲಿ ನಮ್ಮ ಕಾರಿಗೆ ಹೊಂದುವ ಚಕ್ರವನ್ನು ಟೈರಿನ ಸಮೇತ ಕೊಂಡೆ. ಬಸ್ಸಿನ ಮೇಲೆ ಹಾಕಿಸಿ ತಂದು, ನಿಲ್ದಾಣದಿಂದ ಉರುಳಿಸಿಕೊಂಡು ಬರುತ್ತಿದ್ದೆ.

ಬೈಗುಳಕ್ಕೆ ಕಾದು ತಲೆ ತಗ್ಗಿಸಿ ನಿಂತೆ. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಚಕ್ರವನ್ನು ಎತ್ತಿ ನಿಲ್ಲಿಸಿದರು.

"ಇಂಗಾ ಉಳ್ಳಿಸಾದು? ಬುಡು ಇತ್ತ! ನಮ್ಮಪ್ಪನೂರು ಪೂರಿಗಾಲೀಲಿ ಗಾಡಿ ಚಕ್ರ ಉಳ್ಳಿಸ್ಕೊಂಡೇ ಬೆಳ್ದೋಳು ಕಣವ್ವ ನಾನು."

ಅಂಗೈಯಿಂದ ಟೈರಿಗೆ ತಟ್ಟುತ್ತಾ ಹೊರಟವರು ನಮ್ಮ ಗೇಟು ಬಂದರೂ ನಿಲ್ಲಲಿಲ್ಲ. ಬೀದಿಯ ಕೊನೆಯವರೆಗೂ ಉರುಳಿಸಿ, ತಿರುಗಿಸಿಕೊಂಡು ಬಂದರು. ಅಕ್ಕಪಕ್ಕದವರೆಲ್ಲ ಹೊರಗೆ ಬಂದು ನೋಡುತ್ತಿದ್ದರು. ಅತ್ತೆ ಮನಸಾರೆ ನಗುತ್ತಿದ್ದರು. ಅವರ ನಗು ನಾನು ಕಂಡದ್ದು ಅದೇ ಮೊದಲು.

"ಬೇಗ ಹಾಕ್ಸು ಇದ್ನ. ಭಾನ್ವಾರ ಸಿವ್ನಸಮುದ್ರ ನೋಡ್ಕೊಂಡು ಬರಾವ. ನೀನೇ ಓಡ್ಸು" ಎಂದರು.

ಹೋಗಿ ಬಂದೆವು. ಅಲ್ಲಿಯವರೆಗೆ ಅತ್ತೆಯ ಹೆಜ್ಜೆ ಸದ್ದಾದರೆ ಎದ್ದು ನಿಲ್ಲುತ್ತಿದ್ದವಳು, ಆ ಭಾನುವಾರದಿಂದ ಅವರ ಪಕ್ಕದಲ್ಲೇ ಕುಳಿತು ಉಣ್ಣತೊಡಗಿದೆ.