ಮಠದ ಅಡವಿ ಕಾಯುವ ಕಾಕಾ

“ಇಂವನಿಂದ ಬಿ.ಎ. ಆಗಂಗಿಲ್ರಿ, ಇಂವಗ ಕೂಡ್ರಾಕೇ ಬರಂಗಿಲ್ಲ” ಎಂದು ಸ್ವಾಮಿಗಳ ಎದುರೇ ಹೇಳಿದವರು ಚೌಡಾಪುರದ ಹತ್ತಿರದ ನಮ್ಮ ಮಠದ ಅಡವಿ ಕಾಯುವ ಕಾಕಾ. ಸುಳ್ಳೇನಲ್ಲ. ಮಠದಲ್ಲಿ ಉಂಡು ಓದುತ್ತಿದ್ದ ನಾನು ಪುಸ್ತಕ ಹಿಡಿದು ಅಡವಿಯ ಕಾಲುದಾರಿಯಲ್ಲಿ ಸುಮ್ಮನೆ ಅಲೆಯುತ್ತಿದ್ದೆ. ಆ ದಾರಿಯಲ್ಲಿ ಬರಿಗಾಲಲ್ಲೇ ನಡೆಯಬೇಕು, ಕಂಡ ಮುಳ್ಳನ್ನು ದಾಟಿ ಹೋಗಬಾರದು ಎಂಬುದು ಮಠದ ರೂಢಿ. ಕಾಕಾ ಬಗ್ಗಿ ಬಗ್ಗಿ ಜಾಲಿಮುಳ್ಳು ಎತ್ತಿಹಾಕುತ್ತ, “ಹಿಂದ ಬರೋರು ಅದಾರಪ್ಪ” ಎನ್ನುತ್ತಿದ್ದರು. ಹಿಂದೆ ಯಾರೂ ಇಲ್ಲದಾಗಲೂ ಅದೇ ಮಾತು.

ಕೊನೆಯ ವರ್ಷ ಇಂಗ್ಲಿಷಿನಲ್ಲಿ ಫೇಲಾದೆ. ಸೊಲ್ಲಾಪುರದ ಮಿಲ್ಲು ಸೇರುವೆನೆಂದು ಟ್ರಂಕು ಹೊತ್ತು ಅದೇ ದಾರಿ ಹಿಡಿದೆ. ಕಾಕಾ ತಡೆಯಲಿಲ್ಲ.

“ಹೋಗು. ಮುಳ್ಳ ಮಾತ್ರ ಆರಿಸ್ಕೋತ ಹೋಗು.”

“ಬಸ್ ಹೋಗ್ತದ ಕಾಕಾ.”

“ಹಿಂದ ಬರೋರು ಅದಾರಪ್ಪ.”

ಸಿಟ್ಟಿನಲ್ಲೇ ಟ್ರಂಕು ಇಳಿಸಿದೆ. ಗಾಳಿ ಬೀಸಿ ದಾರಿತುಂಬ ಮುಳ್ಳು ಬಿದ್ದಿತ್ತು. ಇಳಿಸುತ್ತ, ಎತ್ತುತ್ತ ರಸ್ತೆ ಮುಟ್ಟುವಷ್ಟರಲ್ಲಿ ದಿನದ ಒಂದೇ ಬಸ್ಸು ಹೋಗಿಬಿಟ್ಟಿತ್ತು. ಮರಳಿ ಬರುವಾಗ ಕಾಲಿಗೆ ಒಂದು ಮುಳ್ಳೂ ಸಿಗಲಿಲ್ಲ. ಕಾಕಾ ಟ್ರಂಕು ಇಸಿದುಕೊಂಡರು. ಆರು ತಿಂಗಳಿಗೆ ಮತ್ತೆ ಬರೆದೆ, ಪಾಸಾದೆ.

ಸರ್ಟಿಫಿಕೇಟು ಅಂಚೆಯಲ್ಲಿ ಮಠಕ್ಕೆ ಬಂತು. ಕಾಕಾ ತಾವೇ ಅದನ್ನು ನಮ್ಮೂರು ಅತನೂರಿಗೆ ತಂದು ಅವ್ವನ ಕೈಗೆ ಕೊಟ್ಟರು. “ನಾ ಅಂದದ್ದು ಸುಳ್ಳಾತವ್ವಾ” ಎಂದರು.

ಅವ್ವ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಅಣ್ಣಾರ, ನಮ್ಮ ಮನಿಗೆ ಹೆಬ್ಬಟ್ಟಿಲ್ಲದ ಕಾಗದ ಬಂದಿದ್ದು ಇದೇ ಮೊದಲ್ರಿ.”