ನಾಂದಿ ಮುಗಿಯುವವರೆಗೆ

೧೯೯೮ರಲ್ಲಿ ನಾನು ಸಿದ್ದಾಪುರ ಸೀಮೆಯ ಪುರೋಹಿತ. ಮದುವೆಯೂ ನನ್ನದೇ, ಅಪರಕ್ರಿಯೆಯೂ ನನ್ನದೇ. ಆ ಮೇ ತಿಂಗಳಲ್ಲಿ ಗಣಪತಿ ಹೆಗಡೆಯವರ ಮಗಳ ಮದುವೆ ಪೇಟೆಯ ಕಲ್ಯಾಣಮಂಟಪದಲ್ಲಿತ್ತು. ವರ ಹಡಗಿನ ಎಂಜಿನಿಯರ್; ಮರುದಿನ ಮುಂಬಯಿಗೆ ಹೊರಟರೆ ತಿರುಗಿ ಬರುವುದು ವರ್ಷದ ಮೇಲೆ.

ಮದುವೆಗೆ ಮೊದಲು ಪಿತೃಗಳನ್ನು ಕರೆದು ಮಾಡುವ ಕರ್ಮ ನಾಂದಿ. ಹಿಂದೆಲ್ಲ ಅದು ಮುನ್ನಾದಿನವೇ ಮನೆಯಲ್ಲಿ ಆಗುತ್ತಿತ್ತು. ಮಂಟಪಗಳು ಬಂದ ಮೇಲೆ ಮದುವೆಯ ಬೆಳಿಗ್ಗೆ ಮುಗಿಸುವುದು ರೂಢಿಯಾಯಿತು. ಕುಲದಲ್ಲಿ ಸಾವಾದ ಸುದ್ದಿ ಕಿವಿಗೆ ಬಿದ್ದರೆ ಸೂತಕ, ಹತ್ತು ದಿನ ಶುಭಕಾರ್ಯವಿಲ್ಲ. ಅಷ್ಟರೊಳಗೆ ನಾಂದಿ ಆಗಿದ್ದರೆ ಮಾತ್ರ ಆ ಮದುವೆಗೆ ಸೂತಕ ತಟ್ಟದು.

ನಾಂದಿಗೆ ಅಣಿ ಮಾಡುತ್ತಿದ್ದಾಗ ಮಂಟಪದ ಆಫೀಸಿನಲ್ಲಿ ನನಗೆ ಫೋನ್ ಬಂತು. ಯಲ್ಲಾಪುರದಿಂದ ಶ್ರೀಪಾದ, ಹೆಗಡೆಯವರ ಚಿಕ್ಕಪ್ಪನ ಮಗ.

“ಅಪ್ಪಯ್ಯ ಹೋದ, ಭಟ್ರೇ. ಗಣಪತಣ್ಣಂಗೆ ಈಗ್ಲೇ ಹೇಳಡಿ, ನಾಂದಿ ಆಗೋಗ್ಲಿ, ಅಲ್ಲಿವರೆಗೆ ಅವನ ಕಿವಿಗೆ ಬೀಳದು ಬೇಡ. ನಮ್ಮ ಸೋದರಮಾವ ಸುದ್ದಿ ಹೇಳಲೆ ಜೀಪಲ್ಲಿ ಹೊರಟೋಜ. ಆವಾಗಿಂದ ನಿಮ್ಗೆ ಲೈನೇ ಸಿಕ್ಕಿದ್ದಿಲ್ಲೆ. ಇನ್ನೇನು ಬಂದ.”

ಅಡುಗೆಯ ಸುಬ್ರಾಯನನ್ನು ಗೇಟಿಗೆ ಕಳಿಸಿದೆ. “ಯಲ್ಲಾಪುರದ ಜೀಪು ಬಂದ್ರೆ ಆಸ್ರಿಗೆ ಕುಡಿಸದೆ ಒಳಗೆ ಬಿಡಡ.” ಅವನು ಏನೂ ಕೇಳದೆ ಪಾನಕದ ಪಾತ್ರೆ ಎತ್ತಿಕೊಂಡ.

ಹೆಗಡೆಯವರು ಬೀಗರಿಗೆ ಮಂಟಪದ ಅಲಂಕಾರ ತೋರಿಸುತ್ತಿದ್ದರು. ಕೈಹಿಡಿದು ಕರೆತಂದೆ.

“ಎಂತ ಭಟ್ರೇ, ಬಸ್ಸು ತಪ್ಪೋಗ್ತಾ ನಿಮ್ಗೆ?”

“ತಪ್ಪೋಗ್ತು. ಕೂತ್ಕಳಿ.”

ಒಂದು ಅಕ್ಷರ ಬಿಡದೆ, ಉಸಿರಿಗೂ ನಿಲ್ಲದೆ ಮಂತ್ರ ಹೇಳಿದೆ. ಅರ್ಧವಾಗುವಾಗ ಹೊರಗೆ ಜೀಪು ನಿಂತ ಸದ್ದು. ಹಿಂದೆಯೇ ಮಾವನ ಗಂಟಲು: “ಪಾನಕ ಆಮೇಲೆ. ಗಣಪತಿ ಎಲ್ಲಿದ್ದ?”

“ಬಿಸ್ಲಲ್ಲಿ ಬಂದವು ಬಾಯಿ ಒಣಗ್ಸ್ಕಂಡು ಒಳಗೆ ಹೋದ್ರೆ ನಮ್ಮ ಮರ್ಯಾದೆ ಎಂತಾತು, ಮಾವಾ? ಇನ್ನೊಂದು ಲೋಟ.”

ಮಾವ ಸುಬ್ರಾಯನನ್ನು ಸರಿಸಿ ಮೆಟ್ಟಿಲು ಹತ್ತುವಾಗ ಹೆಗಡೆಯವರು ಕೊನೆಯ ನೀರು ಬಿಟ್ಟರು.

“ಆತು,” ಎಂದೆ. ಮಾವ ಬಾಯಿ ತೆರೆಯುವ ಮೊದಲೇ ಸುದ್ದಿಯನ್ನು ನಾನೇ ಹೇಳಿದೆ.

ಹೆಗಡೆಯವರು ಮಗಳಿದ್ದ ಕೋಣೆಯತ್ತ ನೋಡಿದರು. “ಕೂಸಿಗೆ ಗೊತ್ತಿದ್ದಾ?”

“ಇಲ್ಲೆ.”

“ಧಾರೆ ಆಗ್ಲಿ. ಆನೇ ಹೇಳ್ತೆ.”

ಧಾರೆ ಮುಗಿಸಿ ಅದೇ ಜೀಪಿನಲ್ಲಿ ಯಲ್ಲಾಪುರಕ್ಕೆ ಹೋದೆ. ಶ್ರೀಪಾದ ಒದ್ದೆ ಪಂಚೆಯಲ್ಲಿ ಕಾಯುತ್ತಿದ್ದ. “ನಾಂದಿ ಮುಗದಿತ್ತಾ?” ಎಂಬುದೇ ಅವನ ಮೊದಲ ಮಾತು. ಮುಗಿದಿತ್ತು ಎಂದೆ. “ಹಂಗಾರೆ ಶುರು ಮಾಡಿ,” ಎಂದು ಅಪ್ಪನ ತಲೆಯ ಬಳಿ ಬಂದು ನಿಂತ.

ಸೂತಕದ ನಿಯಮವನ್ನು ನಾನು ಗುರುಗಳಿಂದ ಕಲಿತಿದ್ದೆ. ಅದರೊಳಗೆ ಒಬ್ಬರು ಇನ್ನೊಬ್ಬರಿಗಾಗಿ ಎಷ್ಟು ಜಾಗ ಮಾಡಿಕೊಡಬಹುದು ಎಂಬುದನ್ನು ಅಂದು ಶ್ರೀಪಾದನಿಂದ ಕಲಿತೆ.