ಪ್ರಶ್ನೆ ಕಲಿತ ಆದಿನಾರಾಯಣ

ಬಂಗಾರಪೇಟೆಯಲ್ಲಿ ಸುಧಾಕರನದೊಂದು ಪೂರಿ ಕಂಪನಿ. ಸಾಗು ಜೊತೆ ತಿನ್ನುವ ಪೂರಿಯಲ್ಲ. ಪಾನಿಪೂರಿ ಗಾಡಿಯವರು ಹೆಬ್ಬೆರಳಲ್ಲಿ ತೂತು ಮಾಡಿ ನೀರು ತುಂಬಿಸಿ ಕೊಡುತ್ತಾರಲ್ಲ, ಆ ಪೂರಿ. ಅಲ್ಲಿಂದ ಊರೂರಿಗೆ ಲೋಡ್ ಕಳಿಸುವ ಜವಾಬ್ದಾರಿ ಬೂದಿಕೋಟೆ ಕಡೆಯ ಆದಿನಾರಾಯಣನದು. ಇಸ್ತ್ರಿ ಶರ್ಟು, ಜೇಬಲ್ಲಿ ಒಂದಷ್ಟು ಪೆನ್ನು. ಒಂದೂ ಬರೆಯುತ್ತಿರಲಿಲ್ಲ. ಗಾಡಿ ತಡವಾದರೆ ಡ್ರೈವರನ ಮೇಲೆ ಕೂಗುತ್ತಿದ್ದ, ಪೂರಿ ಒಡೆದರೆ ಪ್ಯಾಕಿಂಗ್ ಹೆಂಗಸರ ಮೇಲೆ. ಎಲ್ಲ ಸರಿಯಿದ್ದ ದಿನ ಅಭ್ಯಾಸ ತಪ್ಪಬಾರದೆಂದು ವಾಚ್‌ಮನ್ ಮೇಲೆ.

ಕೂಗಿದ್ದಕ್ಕೆ ಪೂರಿಯೇನೂ ಗಟ್ಟಿಯಾಗಲಿಲ್ಲ. ಕೋಲಾರಕ್ಕೆ ಹೋಗಬೇಕಾದ ಮಾಲು ಮಾಲೂರಿಗೆ ಹೋಗುತ್ತಿತ್ತು, ಮಾಲೂರಿನದು ಗೋಡೌನಿನಲ್ಲೇ ಮೆತ್ತಗಾಗುತ್ತಿತ್ತು. ಸಾಕಾಗಿಹೋದ ಸುಧಾಕರ ಬೆಂಗಳೂರಿನಿಂದ ಶ್ಯಾಮಲಾ ಎಂಬ ಕೋಚನ್ನು ಕರೆಸಿದ. ಮೈದಾ ತರಿಸುವುದರಿಂದ ಹಿಡಿದು ಅಂಗಡಿಗೆ ಪೂರಿ ಮುಟ್ಟಿಸುವವರೆಗಿನ ಅಷ್ಟೂ ಕೆಲಸಕ್ಕೆ ಸಪ್ಲೈ ಚೈನ್ ಅಂತ ಹೆಸರಂತೆ. ಅದನ್ನು ಕಂಪನಿಯವರೇ ನೆಟ್ಟಗೆ ನಡೆಸುವ ಹಾಗೆ ಪಳಗಿಸುವುದು ಆಕೆಯ ಕೆಲಸ.

ಕೋಚ್ ಅಂದರೆ ಕಬಡ್ಡಿಗೆ ಇರುವವರು ಎಂದು ತಿಳಿದಿದ್ದ ಆದಿನಾರಾಯಣ ಮೊದಲ ದಿನ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದ. ಶ್ಯಾಮಲಾ ಯಾರನ್ನೂ ಓಡಿಸಲಿಲ್ಲ. ಎಲ್ಲರನ್ನೂ ಕೂರಿಸಿ, "ಪೂರಿ ಎಲ್ಲಿ ಒಡೀತಿದೆ?" ಎಂದು ಕೇಳಿದರು.

"ನೀವೇ ಏಳ್ಬೇಕು ಮೇಡಂ. ಅದ್ಕೇ ತಾನೆ ಬಂದಿರಾದು?" ಎಂದ ಆದಿನಾರಾಯಣ.

"ನಿಮಗೇನನ್ನಿಸುತ್ತೆ?"

"ಟೀ ಟೈಮಾಯ್ತು ಅನ್ನಿಸ್ತೈತೆ."

ಶ್ಯಾಮಲಾ ಬೇಸರ ಮಾಡಿಕೊಳ್ಳಲಿಲ್ಲ. "ಉತ್ತರ ನಾನು ಕೊಡಲ್ಲ. ನಿಮ್ಮ ಜನರನ್ನ ಕೇಳಿ. ಅವರು ಹೇಳಿದ್ದನ್ನ ಪೂರ್ತಿ ಕೇಳಿಸ್ಕೊಳ್ಳಿ. ಮಾರನೇ ದಿನ ಅದರ ಪ್ರಕಾರ ಏನಾದ್ರೂ ಮಾಡಿ" ಎಂದರು. ಪ್ರಶ್ನೆ ಕೇಳಬೇಕು ಅನ್ನುವುದು ಆದಿನಾರಾಯಣನ ತಲೆಗೆ ಹೋಯಿತು. ಅಷ್ಟರಲ್ಲಿ ಟೀ ಬಂತು.

ಅವತ್ತಿಂದ ಕೂಗಾಟ ನಿಂತು ಕೇಳಾಟ ಶುರುವಾಯಿತು. ರಾಬರ್ಟ್‌ಸನ್‌ಪೇಟೆಯಲ್ಲಿ ಪಾನಿಪೂರಿ ಅಂಗಡಿ ಇಟ್ಟಿರುವ ಜಯರಾಮಪ್ಪ ಫೋನ್ ಮಾಡಿ, "ಏನಣ್ಣಾ, ಪೂರಿ ಎಲ್ಲೈತೆ? ಜನ ನಿಂತವ್ರೆ" ಎಂದ.

"ಎಲ್ಲಿರಬೌದು ಅಂತ ನಿಮ್ಗನ್ನಿಸ್ತೈತೆ, ಜಯರಾಮಪ್ಪಾ?"

ಜಯರಾಮಪ್ಪ ಮೊದಲು ತೆಲುಗಲ್ಲಿ ಬೈದ, ಆಮೇಲೆ ತಮಿಳಲ್ಲಿ. ಕನ್ನಡಕ್ಕೆ ಬರುವಷ್ಟರಲ್ಲಿ ಆದಿನಾರಾಯಣ ಫೋನ್ ಇಟ್ಟಿದ್ದ.

ಮನೆಯಲ್ಲೂ ಇದೇ ಪಾಠ. "ಅಸೀಗೆ ಮೇವು ಆಕಿದ್ರಾ?" ಎಂದು ಕೇಳಿದ ಹೆಂಡತಿ ಅಮ್ಮಾಜಮ್ಮನಿಗೆ, "ಆಕ್ದಿದ್ರೆ ಏನಾಗ್ತೈತೆ ಅಂತ ನಿಂಗನ್ನಿಸ್ತೈತೆ?" ಎಂದ. ಆಕೆ ಹಸುವಿಗೆ ಮೇವು ಹಾಕಿದಳು. ಅವನಿಗೆ ಊಟ ಹಾಕಲಿಲ್ಲ.

ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದ ರಾಧಳೂ ಅದೇ ಕೋಚಿಂಗಿನಲ್ಲಿ ಕೂತಿದ್ದಳು. ಅವಳು ಡ್ರೈವರುಗಳನ್ನು ವಿಚಾರಿಸಿ, ಪೂರಿ ಮೂಟೆಗಳ ಮೇಲೆ ಮಸಾಲೆ ಡಬ್ಬ ಹೇರುತ್ತಿರುವುದನ್ನು ಪತ್ತೆ ಮಾಡಿ, ಆದಿನಾರಾಯಣನಿಗೆ ಬಂದು ಹೇಳಿದಳು. ಅವನು ಅವಳನ್ನೂ ಒಂದು ಪ್ರಶ್ನೆ ಕೇಳಿ ಕಳಿಸಿದ.

ಡಿಸೆಂಬರ್ ಕೊನೆಯ ದಿನ. ಬೆಂಗಳೂರಿನ ಪಾನಿಪೂರಿ ಗಾಡಿಗಳಿಗೆಲ್ಲ ಮಾಲು ಬೇಕು. ದೊಡ್ಡ ಲೋಡು ತುಂಬಿಕೊಂಡು ಹೊರಟ, ಚಿನ್ನದ ಗಣಿ ಕಡೆಯ ಚಾಂಪಿಯನ್ ರೀಫ್ಸ್‌ನ ಡ್ರೈವರ್ ನರೇಶ್ ದಾರಿಯಿಂದ ಫೋನ್ ಮಾಡಿದ. "ಅಣ್ಣಾ, ಮಾಲೂರ್ ತಾವ ಫುಲ್ ಜಾಮು. ಏನ್ ಮಾಡ್ಲಿ?"

"ನಿಂಗೇನನ್ನಿಸ್ತೈತ್ಲಾ?"

"ನಮ್ಮಕ್ಕನ ಮಗಳ್ದು ಇವತ್ತು ಸೀಮಂತ. ಮನೆಗೋಗಾಣ ಅನ್ನಿಸ್ತೈತೆ."

ಆದಿನಾರಾಯಣ ಕನ್ನಡಿಯಲ್ಲಿ ಮೀಸೆ ತಿದ್ದಿಕೊಳ್ಳುತ್ತಿದ್ದ. "ಒಳ್ಳೇ ಯೋಚ್ನೆ. ಅಂಗೇ ಮಾಡು" ಎಂದ.

ನರೇಶ್ ಹಂಗೇ ಮಾಡಿದ. ಗಾಡಿ ತಿರುಗಿಸಿಕೊಂಡು ಮನೆಗೆ ಹೋದ. ಸಂಜೆ ಚಾಂಪಿಯನ್ ರೀಫ್ಸ್‌ನ ಅವನ ಲೈನ್ ಮನೆಗಳವರೆಲ್ಲ ಬಾಯಿ ತುಂಬಾ ಪಾನಿಪೂರಿ ತಿಂದರು. ಬಸುರಿ ಎಲ್ಲರಿಗಿಂತ ಜಾಸ್ತಿ ತಿಂದಳು. 'ಪರ್ಮಿಷನ್ ಕೊಟ್ಟ ಆದಿನಾರಾಯಣಣ್ಣನಿಗೆ ಥ್ಯಾಂಕ್ಸ್' ಎಂದು ನರೇಶ್ ಫೋಟೋ ಸಮೇತ ಕಂಪನಿಯ ವಾಟ್ಸಾಪ್ ಗ್ರೂಪಿಗೆ ಹಾಕಿದ.

ಸುಧಾಕರ ರೇಗಿಕೊಂಡು ಬಂದ. "ಯಾರ್ ಏಳಿದ್ದು ಪರ್ಮಿಷನ್ ಕೊಡು ಅಂತ?"

"ಯಾರಿರಬೌದು ಅಂತ ನಿಮ್ಗನ್ನಿಸ್ತೈತೆ, ಸಾರ್?"

ಸುಧಾಕರ ನೇರ ಶ್ಯಾಮಲಾಗೆ ಫೋನ್ ಮಾಡಿದ. ಆಕೆ ಆ ಕಂಪನಿಗೆ ಬಂದ ಮೇಲೆ ಮೊದಲ ಸಲ ನೇರವಾಗಿ ಉತ್ತರ ಕೊಟ್ಟರು: "ಲೋಡಿಂಗ್ ರಾಧಗೆ ಕೊಡಿ."

ಆದಿನಾರಾಯಣನನ್ನು ಮನೆಗೆ ಕಳಿಸೋಣವೆಂದರೆ, ನಮ್ಮ ಸ್ಟಾಫೆಲ್ಲ ಕೋಚಿಂಗಲ್ಲಿ ಪಳಗಿದ್ದಾರೆ ಅಂತ ಸುಧಾಕರ ಆಗಲೇ ಊರ ತುಂಬ ಹೇಳಿಕೊಂಡು ಓಡಾಡಿದ್ದ. ಈಗ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ? ಹಾಗಾಗಿ ಮಹಡಿ ಮೇಲೆ ರೂಮು ಕೊಟ್ಟು, ಬಾಗಿಲಿಗೆ 'ಕಂಪನಿ ಕೋಚ್' ಎಂದು ಬೋರ್ಡು ಹೊಡೆಸಿದ. ಆದಿನಾರಾಯಣ ಅದನ್ನು ಬಡ್ತಿ ಎಂದುಕೊಂಡ. ಅಮ್ಮಾಜಮ್ಮನನ್ನು ಕರೆತಂದು ಬೋರ್ಡಿನ ಪಕ್ಕ ನಿಲ್ಲಿಸಿ ಫೋಟೋ ತೆಗೆಸಿದ.

ರಾಧ ಮಸಾಲೆ ಡಬ್ಬಗಳನ್ನು ಕೆಳಗಿಡಿಸಿದಳು. ಬೆಳಿಗ್ಗೆಯೇ ಅಂಗಡಿಯವರಿಗೆ ಫೋನ್ ಮಾಡಿ ಯಾರಿಗೆಷ್ಟು ಬೇಕು ಎಂದು ಕೇಳಿಕೊಂಡು ಅಷ್ಟೇ ಕಳಿಸಿದಳು. ಯುಗಾದಿ ಹೊತ್ತಿಗೆ ಪೂರಿ ಇಡಿಯಾಗಿ ಮುಟ್ಟತೊಡಗಿತು. ಜಯರಾಮಪ್ಪ ಬೈಯುವುದನ್ನೇ ಮರೆತ.

ಸುದ್ದಿ ಕೇಳಿ ಮುಳಬಾಗಿಲಿನ ಉಪ್ಪಿನಕಾಯಿ ಕಂಪನಿಯ ಮಾಲೀಕರು, ಇದನ್ನೆಲ್ಲ ಸಾಧಿಸಿದವರನ್ನು ನಮ್ಮಲ್ಲಿಗೂ ಕಳಿಸಿ ಎಂದರು. ಸುಧಾಕರ ಮಹಡಿಯ ಕಡೆ ಕೈ ತೋರಿಸಿದ. ಆದಿನಾರಾಯಣ ಹೋಗಿ ಅರ್ಧ ದಿನ ಮಾತಾಡಿ, ಶಾಲು ಹಾರ ಹಾಕಿಸಿಕೊಂಡು ಬಂದ. ಹಾಜರಿ ಪುಸ್ತಕದಲ್ಲಿ ರಾಧ ಇನ್ನೂ 'ಪ್ಯಾಕಿಂಗ್ ಹೆಲ್ಪರ್'. ಅವಳಿಗೊಂದು ಕುರ್ಚಿಯೂ ಬಂದಿಲ್ಲ.

ಮೊನ್ನೆ ಶ್ಯಾಮಲಾ ಫೋನ್ ಮಾಡಿ, ಕೆಲಸ ಹೇಗೆ ನಡೀತಿದೆ ಎಂದು ಅವಳನ್ನು ಕೇಳಿದರು.

"ಚೆನ್ನಾಗೈತೆ ಮೇಡಂ" ಎಂದಳು ರಾಧ, ಮೂಟೆಗಳ ಮಧ್ಯೆ ನಿಂತುಕೊಂಡೇ. "ಆದಿನಾರಾಯಣಣ್ಣ ಮ್ಯಾಲಕ್ಕೋದ್ರು. ಮಾಲು ಸಲೀಸಾಗಿ ಆಚೆಗೋಗ್ತೈತೆ."